ಮೋನೆಯ ‘ಇಂಪ್ರೆಶನ್, ಸೂರ್ಯೋದಯ’: ಟಿಕೆಟ್ಟಿನ ಹಣಕ್ಕೆ ಮೋಸವಿಲ್ಲ, ಪ್ರಿಂಟು ಕೊಳ್ಳುವಾಗ ಹುಷಾರು

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆಯ ಈ ಚಿತ್ರವನ್ನು ನೋಡಬೇಕೆಂದು ಪ್ಯಾರಿಸ್ಸಿಗೆ ಹೋದವರಲ್ಲಿ ಬಹಳ ಜನ ಮೊದಲು ಓರ್ಸೆ ಮ್ಯೂಸಿಯಂಗೆ ಹೋಗಿ ಹುಡುಕುತ್ತಾರೆ. ಅಲ್ಲಿ ಅದು ಇಲ್ಲ. ಓರಾಂಜೆರಿಯಲ್ಲೂ ಇಲ್ಲ, ಲೂವ್ರ್‌ನಲ್ಲಿ ಕೇಳುವುದೇ ಬೇಡ. ಇಂಪ್ರೆಶನಿಸಂ ಎಂಬ ಕಲಾಪಂಥದ ಹೆಸರಿಗೇ ಕಾರಣವಾದ ಈ ಚಿತ್ರ ಇರುವುದು ಊರಿನ ಪಶ್ಚಿಮದ ಅಂಚಿನಲ್ಲಿ, 16ನೇ ವಿಭಾಗದ ರ‍್ಯೂ ಲೂಯಿ-ಬೊಯ್ಯಿ ಬೀದಿಯ 2ನೇ ನಂಬರಿನ ಮನೆಯಲ್ಲಿ. ಅದರ ಹೆಸರು ಮಾರ್ಮೊತ್ತಾಂ ಮೋನೆ ಮ್ಯೂಸಿಯಂ. ಮೂರು ದಿನದ ಪ್ಯಾಕೇಜ್ ಟೂರಿನವರು ಈ ಕಡೆಗೆ ಬಸ್ಸು ತಿರುಗಿಸುವುದು ಅಪರೂಪ, ಆದ್ದರಿಂದ ನೀವೇ ಹೋಗಬೇಕು. ಹೋಗಬೇಕೇ ಎಂದು ಕೇಳಿದರೆ ಉತ್ತರ ಹೌದು. ಆದರೆ ಚಿತ್ರದಲ್ಲಿ ಏನನ್ನು ನೋಡಬೇಕೆಂದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದೆ ಹೋದವರು ಎರಡು ನಿಮಿಷ ನಿಂತು, ‘ಇಷ್ಟೇನಾ?’ ಎಂದು ಹೊರಬರುತ್ತಾರೆ.

ಆ ‘ಇಷ್ಟೇನಾ’ಗೆ ಮೊದಲ ಕಾರಣ ಅಳತೆ. ಕ್ಯಾನ್ವಾಸ್ ಅಗಲ 63 ಸೆಂಟಿಮೀಟರ್, ಎತ್ತರ 48. ಎ2 ಹಾಳೆಗಿಂತ ತುಸು ದೊಡ್ಡದು, ಅಷ್ಟೆ. ಪಠ್ಯಪುಸ್ತಕ, ಪೋಸ್ಟರು, ಟಿ-ಶರ್ಟಿನ ಮೇಲೆಲ್ಲ ಇದನ್ನು ನೋಡಿ ನೋಡಿ ಮನಸ್ಸಿನಲ್ಲಿ ಗೋಡೆಯಗಲದ ಚಿತ್ರವೊಂದು ಕೂತುಬಿಟ್ಟಿರುತ್ತದೆ. ಗೋಡೆಯಗಲದ ಮೋನೆ ಬೇಕೆನ್ನುವವರು ಓರಾಂಜೆರಿಯ ನೈದಿಲೆ ಚಿತ್ರಗಳ ಕಡೆ ಹೋಗಲಿ. ಇದು ಒಬ್ಬರೋ ಇಬ್ಬರೋ ಎದುರು ನಿಂತು ನೋಡುವ ಚಿತ್ರ.

ಕ್ಯಾನ್ವಾಸಿನಲ್ಲಿರುವುದು ಫ್ರಾನ್ಸಿನ ಉತ್ತರ ತೀರದ ಲ ಆವ್ರ್ ಬಂದರಿನ ಹೊರ ಅಂಗಳ. ಮೋನೆ ಬಾಲ್ಯ ಕಳೆದ ಊರು ಅದು. ಮುಂಭಾಗದಲ್ಲಿ ಗಾಢವಾದ ಒಂದು ದೋಣಿ, ಅದರಲ್ಲಿ ಎರಡು ಆಕೃತಿ. ಅದರ ಹಿಂದೆ ಎಡಕ್ಕೆ ಓರೆಯಾಗಿ ಸರಿಯುತ್ತ ಎರಡನೇ ದೋಣಿ ಮಸುಕು, ಮೂರನೆಯದು ಇನ್ನೂ ಮಸುಕು. ಹಿನ್ನೆಲೆಯಲ್ಲಿ ಹಡಗುಗಳ ಕೂವೆಮರ, ಹೊಗೆಕೊಳವೆ, ಬಲಗಡೆ ಕಟ್ಟಡ ಕೆಲಸದ ಕ್ರೇನುಗಳು. ಎಲ್ಲವೂ ನೀಲಿ-ಬೂದು ಮಂಜಿನಲ್ಲಿ ಅರ್ಧ ಕರಗಿವೆ. ಆ ಮಂಜಿನಲ್ಲಿ ಕಿತ್ತಳೆ ಸೂರ್ಯ, ನೀರಿನ ಮೇಲೆ ಅದರ ತುಂಡು ತುಂಡು ಪ್ರತಿಬಿಂಬ. ಎಡಗಡೆ ಕೆಳಗೆ ಸಹಿ, ಪಕ್ಕದಲ್ಲಿ 72 ಎಂಬ ಇಸವಿ. ಹಳ್ಳಿ, ಹೊಲ, ತೋಟದ ನಿಸರ್ಗಚಿತ್ರವೆಂದು ಅಂದುಕೊಂಡು ಬಂದವರಿಗೆ ಇದು ಕೆಲಸದ ಬಂದರು, ಕಲ್ಲಿದ್ದಲು ಹೊಗೆಯ ಬೆಳಗು ಎಂಬುದು ಹತ್ತಿರ ಬಂದ ಮೇಲೆ ತಿಳಿಯುತ್ತದೆ.

ಈ ಚಿತ್ರದ ಗುಟ್ಟು ಇರುವುದು ಸೂರ್ಯನಲ್ಲಿ. ಅದು ಸುತ್ತಲಿನ ಎಲ್ಲಕ್ಕಿಂತ ಎದ್ದು ಕಾಣುತ್ತದೆ, ಆದರೆ ಸುತ್ತಲಿನ ಮೋಡಕ್ಕಿಂತ ಹೆಚ್ಚು ಬೆಳಕಾಗಿಲ್ಲ. ಚಿತ್ರಕಾರರು ಟೋನ್ ಎನ್ನುತ್ತಾರಲ್ಲ, ಬಣ್ಣ ಯಾವುದೇ ಇರಲಿ ಅದು ಎಷ್ಟು ತಿಳಿ ಎಷ್ಟು ಗಾಢ ಎಂಬ ಮಟ್ಟ, ಆ ಮಟ್ಟದಲ್ಲಿ ಸೂರ್ಯನ ಕಿತ್ತಳೆಯೂ ಅದರ ಸುತ್ತಲಿನ ಬೂದುಬಣ್ಣವೂ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದರೆ ದೋಣಿ ಉಳಿಯುತ್ತದೆ, ಕೂವೆಮರ ಉಳಿಯುತ್ತದೆ, ಸೂರ್ಯ ಮಾತ್ರ ಹೆಚ್ಚುಕಡಿಮೆ ಮಾಯ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ಎತ್ತಿ ತೋರಿಸಿ ಕಾರಣವನ್ನೂ ವಿವರಿಸಿದ್ದಾರೆ. ನಮ್ಮ ದೃಷ್ಟಿವ್ಯವಸ್ಥೆಯಲ್ಲಿ ವಸ್ತು ಎಲ್ಲಿದೆ, ಚಲಿಸುತ್ತಿದೆಯೇ, ಎಷ್ಟು ದೂರ ಎಂಬುದನ್ನು ಲೆಕ್ಕ ಹಾಕುವ ಭಾಗ ತಿಳಿ-ಗಾಢದ ವ್ಯತ್ಯಾಸವನ್ನು ನಂಬಿಕೊಂಡಿದೆ, ಅದಕ್ಕೆ ಬಣ್ಣ ಬಹುತೇಕ ಕಾಣುವುದಿಲ್ಲ. ಅದು ಏನು, ಯಾವ ಬಣ್ಣ ಎಂದು ಗುರುತಿಸುವುದು ಇನ್ನೊಂದು ಭಾಗ. ಈ ಸೂರ್ಯ ಎರಡನೆಯದಕ್ಕೆ ಢಾಳಾಗಿ ಕಾಣುತ್ತದೆ, ಮೊದಲನೆಯದಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಇದೆ ಎಂದು ಗೊತ್ತು, ಎಲ್ಲಿದೆ ಎಂದು ನೆಲೆ ಸಿಗದು. ಆದ್ದರಿಂದಲೇ ಅದು ನಿಂತಲ್ಲಿ ನಿಲ್ಲದೆ ಮಿಡಿಯುವಂತೆ ಕಾಣುತ್ತದೆ. ಮೋನೆಗೆ ಈ ನರವಿಜ್ಞಾನ ಗೊತ್ತಿರಲಿಲ್ಲ, ಕಣ್ಣು ಗೊತ್ತಿತ್ತು.

ಸಾಮಾನ್ಯವಾಗಿ ಸೂರ್ಯನನ್ನು ಬರೆಯುವವರು ಮಾಡುವುದು ಇದಕ್ಕೆ ತದ್ವಿರುದ್ಧ: ನಡುವೆ ಬಿಳಿ ಸುರಿದು, ಸುತ್ತ ಹಳದಿ ಹಚ್ಚಿ, ಆಕಾಶವನ್ನು ಗಾಢ ಮಾಡುತ್ತಾರೆ. ಬಣ್ಣದ ಟ್ಯೂಬಿನಲ್ಲಿ ಬಿಳಿಗಿಂತ ಬೆಳಕಾದದ್ದು ಇಲ್ಲ, ನಿಜವಾದ ಸೂರ್ಯನಾದರೋ ಆಕಾಶಕ್ಕಿಂತ ಎಷ್ಟೋ ಪಟ್ಟು ಪ್ರಖರ. ಬೆಳಕಿನ ಆ ಪಂದ್ಯದಲ್ಲಿ ಚಿತ್ರಕಾರ ಸೋಲುವುದು ಖಚಿತ. ಮೋನೆ ಆ ಪಂದ್ಯಕ್ಕೇ ಇಳಿಯಲಿಲ್ಲ. ತಂಪು ನೀಲಿ-ಬೂದಿನ ಎದುರು ಬಿಸಿ ಕಿತ್ತಳೆಯನ್ನು ಇಟ್ಟು ಕೈಬಿಟ್ಟ.

ಇದನ್ನು ಎದುರು ನಿಂತು ನೋಡುವ ಕ್ರಮ ಹೀಗಿರಲಿ. ಮೊದಲು ಮೂರು ಮೀಟರ್ ದೂರ ನಿಲ್ಲಿ. ಅಲ್ಲಿಂದ ಮೂರು ದೋಣಿಗಳ ಓರೆ ಸಾಲು ಕಾಣುತ್ತದೆ, ಆಳ ಹುಟ್ಟುವುದೇ ಆ ಸಾಲಿನಿಂದ. ಸೂರ್ಯನನ್ನು ನೇರ ದಿಟ್ಟಿಸದೆ ಮುಂದಿನ ದೋಣಿಯ ಮೇಲೆ ಕಣ್ಣಿಟ್ಟು ಸ್ವಲ್ಪ ಹೊತ್ತು ಇರಿ. ಅಂಚಿನಲ್ಲಿ ಕಿತ್ತಳೆ ಅಲುಗಾಡಲು ಶುರುಮಾಡುತ್ತದೆ. ಆಮೇಲೆ ಕಾವಲುಗಾರರು ಬಿಡುವಷ್ಟು ಹತ್ತಿರ ಹೋಗಿ. ಹಡಗುಗಳೆಲ್ಲ ಅಳಿಸಿಹೋಗಿ ಬರೀ ಕುಂಚದ ಗೆರೆಗಳು ಉಳಿಯುತ್ತವೆ. ಮಂಜಿನ ಭಾಗದಲ್ಲಿ ಬಣ್ಣ ಎಷ್ಟು ತೆಳುವೆಂದರೆ ಬಟ್ಟೆಯ ನೇಯ್ಗೆ ಅದರೊಳಗಿಂದ ಕಾಣುತ್ತದೆ. ದಪ್ಪ ಬಣ್ಣ ಇರುವುದು ಸೂರ್ಯ ಮತ್ತು ಅದರ ಪ್ರತಿಬಿಂಬದಲ್ಲಿ. ಅಡ್ಡಡ್ಡವಾಗಿ ಇಟ್ಟ ಆ ಕಿತ್ತಳೆ ತುಣುಕುಗಳನ್ನು ಮತ್ತೆ ಕುಂಚ ಹಾಕಿ ನಯ ಮಾಡಿಲ್ಲ. ಬದಿಯಿಂದ ಓರೆಯಾಗಿ ನೋಡಿದರೆ ಅವು ಉಬ್ಬಿರುವುದು ಗೊತ್ತಾಗುತ್ತದೆ. ಯಾವ ಪ್ರಿಂಟೂ ಕೊಡದ ವಿವರ ಇದು. ದೀಪದ ಹೊಳಪು ಮೇಲ್ಮೈಗೆ ಬೀಳುತ್ತಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಸಾಕು.

ಫೋನ್ ತೆಗೆಯುವ ಮುಂಚೆ ಒಂದು ಮಾತು. ಫೋನಿನ ಕ್ಯಾಮೆರಾ ಈ ಚಿತ್ರವನ್ನು ಹಾಳುಮಾಡಲೆಂದೇ ಇದ್ದಂತಿದೆ. ಮಂಜಿನ ಫೋಟೋ ಎಂದುಕೊಂಡು ಅದು ತಾನಾಗಿಯೇ ಕಾಂಟ್ರಾಸ್ಟ್ ಏರಿಸುತ್ತದೆ, ಬೂದನ್ನು ನೀಲಿ ಮಾಡುತ್ತದೆ, ಕಿತ್ತಳೆಗೆ ಬೆಳಕು ಸೇರಿಸುತ್ತದೆ. ಎಚ್‌ಡಿಆರ್ (ತಿಳಿ ಭಾಗ, ಗಾಢ ಭಾಗ ಎರಡನ್ನೂ ಎತ್ತಿ ತೋರಿಸುವ ಸೆಟ್ಟಿಂಗ್) ಆನ್ ಇದ್ದರೆ ಇನ್ನೂ ಕಷ್ಟ. ಅಂದರೆ ಮೋನೆ ಬೇಡವೆಂದು ಬಿಟ್ಟದ್ದನ್ನೆಲ್ಲ ಅದು ಸೇರಿಸಿ ಕೊಡುತ್ತದೆ. ಆ ಫೋಟೋ ಗೆಳೆಯರಿಗೆ ಕಳಿಸಲು ಸಾಕು, ಚಿತ್ರ ನೆನಪಿಟ್ಟುಕೊಳ್ಳಲು ಅಲ್ಲ.

ಇನ್ನು ಇದು ಸೂರ್ಯೋದಯವೋ ಸೂರ್ಯಾಸ್ತವೋ ಎಂಬ ಹಳೆಯ ಜಗಳ. ಅದು ಈಗ ಬಹುಮಟ್ಟಿಗೆ ಮುಗಿದಿದೆ. ಅಮೆರಿಕದ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಖಗೋಳ ಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಹಳೆಯ ನಕಾಶೆ, ಫೋಟೋಗಳನ್ನು ಹಿಡಿದು ಮೋನೆ ಕೂತು ಬರೆದ ಜಾಗವನ್ನು ಗೊತ್ತುಮಾಡಿದರು. ಅದು ಬಂದರಿನ ದಂಡೆಯ ಅಮಿರೋತೆ ಹೋಟೆಲಿನ ಕೋಣೆಯ ಕಿಟಕಿ, ನೋಟ ಆಗ್ನೇಯಕ್ಕೆ. ಆ ದಿಕ್ಕಿನಲ್ಲಿ ಸೂರ್ಯ ಮುಳುಗುವುದು ಸಾಧ್ಯವಿಲ್ಲ. ಸೂರ್ಯ ಆ ಜಾಗದಲ್ಲಿ ಅಷ್ಟೇ ಎತ್ತರಕ್ಕೆ ಬರುವುದು ವರ್ಷಕ್ಕೆ ಎರಡು ಸಲ, ನವೆಂಬರ್ ನಡುವೆ ಮತ್ತು ಜನವರಿ ಕೊನೆಗೆ. ದೊಡ್ಡ ಹಡಗುಗಳು ಒಳಬಂದರಿನ ಬಾಗಿಲು ದಾಟಬೇಕಾದರೆ ಭರತ ಇರಬೇಕು, ಹಾಗಾಗಿ ಇಳಿತದ ದಿನಗಳು ಹೋದವು. ಹವಾಮಾನದ ದಾಖಲೆ ನೋಡಿ ಮಳೆಗಾಳಿಯ ದಿನಗಳನ್ನು ಕಳೆದರು. ಹೊಗೆ ಬಾಗಿದ ದಿಕ್ಕಿನಿಂದ ಗಾಳಿಯನ್ನು ಹೊಂದಿಸಿದರು. ಉಳಿದದ್ದರಲ್ಲಿ ಹೆಚ್ಚು ಒಪ್ಪುವ ಗಳಿಗೆ 1872ರ ನವೆಂಬರ್ 13, ಬೆಳಿಗ್ಗೆ ಸುಮಾರು 7 ಗಂಟೆ 35 ನಿಮಿಷ. ಸಹಿಯ ಪಕ್ಕದ 72ಕ್ಕೂ ಅದು ಹೊಂದುತ್ತದೆ. ಆ ಕಿಟಕಿಯನ್ನು ನೋಡಿಬರುತ್ತೇವೆ ಎಂದು ಲ ಆವ್ರ್‌ಗೆ ರೈಲು ಹತ್ತಬೇಡಿ. 1944ರ ಸೆಪ್ಟೆಂಬರ್ ಬಾಂಬ್ ದಾಳಿಯಲ್ಲಿ ಆ ಊರಿನ ನಡುಭಾಗವೇ ನೆಲಸಮವಾಯಿತು. ಈಗಿರುವುದು ಯುದ್ಧದ ನಂತರದ ಕಾಂಕ್ರೀಟ್ ಊರು. ಆ ಕಾಂಕ್ರೀಟ್ ನೋಡಲೆಂದೇ ಹೋಗುವವರೂ ಇದ್ದಾರೆ, ಅದು ಬೇರೆ ವಿಷಯ.

ಚಿತ್ರದ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗವನ್ನು ಬೇಗ ಮುಗಿಸೋಣ. 1874ರ ಏಪ್ರಿಲ್ 15ರಿಂದ ಮೇ 15ರವರೆಗೆ, ಫೋಟೋಗ್ರಾಫರ್ ನದಾರ್ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ, ಸರ್ಕಾರಿ ಸಲೋನ್ ಪ್ರದರ್ಶನದ ಹಂಗಿಲ್ಲದೆ ಸುಮಾರು ಮೂವತ್ತು ಕಲಾವಿದರು ತಾವೇ ಸೇರಿ ಪ್ರದರ್ಶನ ಇಟ್ಟರು. ಪ್ರವೇಶ ಒಂದು ಫ್ರಾಂಕ್. ಪಟ್ಟಿಯಲ್ಲಿ ಇದರ ಸಂಖ್ಯೆ 98. ಲ ಆವ್ರ್‌ನ ನೋಟ ಎಂದು ಕರೆಯುವಷ್ಟು ವಿವರ ಇಲ್ಲವೆಂದು ಮೋನೆ ‘ಇಂಪ್ರೆಶನ್’ ಎಂದು ಹಾಕಿಸಿದ. ಲ ಶರಿವರಿ ಪತ್ರಿಕೆಯಲ್ಲಿ ವಿಮರ್ಶಕ ಲೂಯಿ ಲೆರುವಾ, ಗೋಡೆಗೆ ಅಂಟಿಸುವ ಕಾಗದ ಕೂಡ ಅರೆಬರೆಯಲ್ಲಿದ್ದಾಗ ಇದಕ್ಕಿಂತ ಮುಗಿದಂತೆ ಕಾಣುತ್ತದೆ ಎಂಬರ್ಥದ ಗೇಲಿ ಮಾಡಿ, ಎಲ್ಲರನ್ನೂ ಇಂಪ್ರೆಶನಿಸ್ಟರು ಎಂದು ಹಂಗಿಸಿದ. ಹೆಸರು ಅಂಟಿಕೊಂಡಿತು.

ಬೆಲೆಯ ಕತೆ ಇದಕ್ಕಿಂತ ಸ್ವಾರಸ್ಯ. ಬಟ್ಟೆ ವ್ಯಾಪಾರಿ ಅರ್ನೆಸ್ಟ್ ಓಶೆದೆ 1874ರಲ್ಲಿ ಇದನ್ನು ಕೊಂಡದ್ದು 800 ಫ್ರಾಂಕಿಗೆ. ಆತ ದಿವಾಳಿಯಾಗಿ 1878ರಲ್ಲಿ ಹರಾಜಿಗೆ ಬಂದಾಗ ರುಮೇನಿಯಾ ಮೂಲದ ಹೋಮಿಯೋಪಥಿ ವೈದ್ಯ ಜಾರ್ಜ್ ದ ಬೆಲ್ಲಿಯೊ ತೆತ್ತದ್ದು 210 ಫ್ರಾಂಕ್. ನಾಲ್ಕು ವರ್ಷದಲ್ಲಿ ಕಾಲು ಭಾಗಕ್ಕೆ ಇಳಿಯಿತು! (ಓಶೆದೆ ತೀರಿಕೊಂಡ ಮೇಲೆ ಆತನ ಹೆಂಡತಿ ಅಲೀಸ್ 1892ರಲ್ಲಿ ಮೋನೆಯನ್ನೇ ಮದುವೆಯಾದಳು.) ವೈದ್ಯರ ಮಗಳು 1940ರಲ್ಲಿ ಇದನ್ನು ಮಾರ್ಮೊತ್ತಾಂಗೆ ಕೊಟ್ಟಳು. 1985ರ ಅಕ್ಟೋಬರ್ 27ರ ಭಾನುವಾರ, ಹಾಡಹಗಲೇ ಬಂದೂಕು ಹಿಡಿದು ಬಂದವರು ಇದರ ಜೊತೆ ಇನ್ನೂ ಎಂಟು ಚಿತ್ರಗಳನ್ನು ಹೊತ್ತೊಯ್ದರು. 1990ರ ಡಿಸೆಂಬರಿನಲ್ಲಿ ಕಾರ್ಸಿಕಾ ದ್ವೀಪದ ಪೋರ್ತೊ-ವೆಕ್ಕಿಯೊದಲ್ಲಿ ಅವು ಸಿಕ್ಕಿದವು.

ಮ್ಯೂಸಿಯಂ ವ್ಯವಸ್ಥೆಗೆ ಬಂದರೆ, ಒಟ್ಟಾರೆ ಒಳ್ಳೆಯದು, ಒಂದೆರಡು ಕಿರಿಕಿರಿ ಬಿಟ್ಟರೆ. ಮೆಟ್ರೋ 9ನೇ ಮಾರ್ಗದಲ್ಲಿ ಲ ಮ್ಯುಯೆತ್ ನಿಲ್ದಾಣದಲ್ಲಿ ಇಳಿದು ರಾನಲಾ ಉದ್ಯಾನದ ಕಡೆ ಹತ್ತು ನಿಮಿಷದೊಳಗೆ ನಡೆಯಬಹುದು. ಸೋಮವಾರ ರಜೆ. ಉಳಿದ ದಿನ ಬೆಳಿಗ್ಗೆ 10ರಿಂದ ಸಂಜೆ 6, ಗುರುವಾರ ರಾತ್ರಿ 9ರವರೆಗೆ. ಗುರುವಾರ ಸಂಜೆ ಏಳರ ಮೇಲೆ ಹೋಗುವುದೇ ಲೇಸು, ಗುಂಪು ಟೂರುಗಳು ಅಷ್ಟರಲ್ಲಿ ಊಟಕ್ಕೆ ಹೋಗಿರುತ್ತವೆ. ಟಿಕೆಟ್ 14 ಯೂರೋ ಆಸುಪಾಸು, ದರ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಮ್ಯೂಸಿಯಂ ಜಾಲತಾಣದಲ್ಲಿ ನೋಡಿಕೊಳ್ಳಿ. ಹಲವು ಮ್ಯೂಸಿಯಂಗಳಿಗೆ ಒಂದೇ ಟಿಕೆಟ್ಟಾದ ಪ್ಯಾರಿಸ್ ಮ್ಯೂಸಿಯಂ ಪಾಸ್ ಇಲ್ಲಿ ನಡೆಯುವುದಿಲ್ಲ. ಪಾಸು ಕೊಂಡು ಬಾಗಿಲವರೆಗೆ ಬಂದು ಮತ್ತೆ ದುಡ್ಡು ಕಟ್ಟುವವರ ಮುಖ ಸಪ್ಪಗಾಗುವುದು ಇದಕ್ಕೇ. ಪಾಸಿನ ಲೆಕ್ಕದಲ್ಲಿ ದಿನ ಹೊಂದಿಸುವವರು ಮಾರ್ಮೊತ್ತಾಂ ಭೇಟಿಯನ್ನು ಪಾಸು ಮುಗಿದ ಮರುದಿನಕ್ಕೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಚಿತ್ರ ಮನೆಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಬೇರೆ ಪ್ರದರ್ಶನಕ್ಕೆ ಎರವಲು ಹೋಗುವುದುಂಟು. ಮೊದಲ ಪ್ರದರ್ಶನದ 150ನೇ ವರ್ಷಕ್ಕೆ, 2024ರ ಮಾರ್ಚ್ ಕೊನೆಯಿಂದ ಜುಲೈ ನಡುವಿನವರೆಗೆ ಅದು ಓರ್ಸೆಯಲ್ಲಿತ್ತು. ಮೊದಲು ಹೇಳಿದ ಗೊಂದಲಕ್ಕೆ ಇದೂ ಒಂದು ಕಾರಣ. ಟಿಕೆಟ್ ಕೊಳ್ಳುವ ಮುಂಚೆ ಕೌಂಟರಿನಲ್ಲೇ ಕೇಳಿ, ಯಾವ ಕೋಣೆಯಲ್ಲಿದೆ ಎಂದೂ ಕೇಳಿ. ಕಾಲಕಾಲಕ್ಕೆ ಜಾಗ ಬದಲಿಸುತ್ತಾರೆ. ಒಂದು ವೇಳೆ ಇಲ್ಲದಿದ್ದರೂ ಹಿಂತಿರುಗಬೇಕಾಗಿಲ್ಲ. ಮೋನೆಯ ಮಗ ಮಿಶೆಲ್ 1966ರಲ್ಲಿ ತೀರಿಕೊಂಡಾಗ ತಂದೆಯ ಮನೆಯಲ್ಲಿ ಉಳಿದಿದ್ದ ಚಿತ್ರಗಳೆಲ್ಲ ಇಲ್ಲಿಗೆ ಬಂದವು. ಅವಕ್ಕಾಗಿ ನೆಲದಡಿಯಲ್ಲಿ ಕಟ್ಟಿದ ಸಭಾಂಗಣದಲ್ಲಿ ನೈದಿಲೆ, ಕಮಾನು ಸೇತುವೆ, ಕಣ್ಣಿನ ಪೊರೆ ಬಲಿತ ಕಾಲದ ಕೆಂಪು-ಕಂದು ಚಿತ್ರಗಳೂ ಇವೆ. ಬೆರ್ತ್ ಮೊರಿಸೊ ಚಿತ್ರಗಳ ದೊಡ್ಡ ಸಂಗ್ರಹವೂ ಇಲ್ಲಿಯದೇ. ನೆಪೋಲಿಯನ್ ಕಾಲದ ಕುರ್ಚಿ-ಮಂಚಗಳ ಕೋಣೆಗಳನ್ನು ಬೇಗ ದಾಟಿದರೂ ನಷ್ಟವಿಲ್ಲ.

ಪ್ರಿಂಟಿನ ವಿಷಯ ಬೇರೆಯೇ ಬರೆಯಬೇಕು, ಯಾಕೆಂದರೆ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಮುಕ್ಕಾಲು ಪಾಲು ಕೆಟ್ಟವು. ಮೋನೆ ತೀರಿಕೊಂಡದ್ದು 1926ರಲ್ಲಿ, ಹಕ್ಕುಸ್ವಾಮ್ಯ ಮುಗಿದಿದೆ, ಹಾಗಾಗಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಕುತ್ತಲೂ ಇದ್ದಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ, ಇದೇ ಚಿತ್ರ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕಡುನೀಲಿ, ಮತ್ತೊಂದರಲ್ಲಿ ಆಕಾಶವೆಲ್ಲ ಅರಿಸಿನ. ಯಾವುದು ಸರಿ ಎಂದು ಪರದೆಯ ಮೇಲೆ ನೋಡಿ ಹೇಳುವುದು ಕಷ್ಟ. ಯಾವುದು ಖಂಡಿತ ತಪ್ಪು ಎಂದು ಹೇಳುವುದು ಸುಲಭ: ಕಪ್ಪು-ಬಿಳುಪು ಮಾಡಿ ನೋಡಿ. ಐಫೋನಿನಲ್ಲಿ ಅಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನ ಕಲರ್ ಫಿಲ್ಟರ್ಸ್ ಒಳಗೆ ಗ್ರೇಸ್ಕೇಲ್ ಇದೆ, ಆಂಡ್ರಾಯ್ಡಿನ ಅಕ್ಸೆಸಿಬಿಲಿಟಿಯಲ್ಲೂ ಇದೆ. ಸೂರ್ಯ ಬಿಳಿ ಚುಕ್ಕೆಯಾಗಿ ಹೊಳೆಯುತ್ತಿದ್ದರೆ ಯಾರೋ ‘ಚೆಂದ’ ಮಾಡಲು ಕೈಯಾಡಿಸಿದ್ದಾರೆ, ಆ ಫೈಲು ಬೇಡ. ಕಪ್ಪು ಚುಕ್ಕೆಯಾಗಿ ಕಂಡರೂ ಬೇಡ, ಅದು ಕಿತ್ತಳೆಯನ್ನು ವಿಪರೀತ ಕೆಂಪಾಗಿಸಿದ ಲಕ್ಷಣ. ಹುಡುಕಿದರೂ ಸಿಗದಷ್ಟು ಬೂದಿನೊಳಗೆ ಬೆರೆತಿದ್ದರೆ ಅದು ಒಳ್ಳೆಯ ಫೈಲು. ಕಂಪ್ಯೂಟರಿನಲ್ಲಿ ಮಾಡುವುದಾದರೆ ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಡೀಸ್ಯಾಚುರೇಟ್ ಕೊಟ್ಟು ‘ಲ್ಯೂಮಿನನ್ಸ್’ ಆರಿಸಿ. ‘ಆವರೇಜ್’, ‘ಲೈಟ್‌ನೆಸ್ (ಎಚ್‌ಎಸ್‌ಎಲ್)’ ಇವು ಕೆಂಪು, ಹಸಿರು, ನೀಲಿಗಳಿಗೆ ಕಣ್ಣು ಕೊಡುವ ತೂಕವನ್ನು ಕೊಡುವುದಿಲ್ಲ, ತಪ್ಪು ಫಲಿತಾಂಶ ಬರುತ್ತದೆ.

ಅಳತೆಯಲ್ಲೂ ಜಾಣತನ ಬೇಕು. ಮೂಲದ ಅನುಪಾತ 63ಕ್ಕೆ 48. ಫ್ರೇಮ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಳತೆಗಳಲ್ಲಿ ಇದಕ್ಕೆ ಹತ್ತಿರದ್ದು 24x18 ಇಂಚು: ಎತ್ತರದಲ್ಲಿ ಕಾಲು ಇಂಚಿಗಿಂತ ತುಸು ಹೆಚ್ಚು ಹೋಗುತ್ತದೆ, ಅಷ್ಟೆ. 20x16ರಲ್ಲಿ ಅಗಲದಲ್ಲಿ ಒಂದಿಂಚು ಕತ್ತರಿ ಬೀಳುತ್ತದೆ, ಎಡಬದಿಯಲ್ಲಿ ಕತ್ತರಿಸಿದರೆ ಸಹಿಗೆ ಕುತ್ತು. 18x12ರಲ್ಲಿ ಎತ್ತರದಲ್ಲಿ ಇಂಚೂಮುಕ್ಕಾಲು ಹೋಗುತ್ತದೆ, ಕೆಳಗಿನ ನೀರು ಕತ್ತರಿಸಿ ಮುಂದಿನ ದೋಣಿ ಅಂಚಿಗೆ ಬಂದು ಕೂರುತ್ತದೆ, ಇಡೀ ಚಿತ್ರದ ಆಳವೇ ಹೋಯಿತು. ಎ2, ಎ3 ಕೂಡ ಕತ್ತರಿಸುತ್ತವೆ. ಅತ್ಯುತ್ತಮ ದಾರಿ, 24 ಇಂಚಿನ ರೋಲ್ ಇರುವ ಪ್ರಿಂಟರಿನಲ್ಲಿ ಮೂಲದ ಅಳತೆಯಲ್ಲೇ, ಸುತ್ತ ಬಿಳಿ ಅಂಚು ಬಿಟ್ಟು ಹಾಕಿಸುವುದು. ರೋಲಿನ ಅಗಲ 61 ಸೆಂಟಿಮೀಟರ್, ಚಿತ್ರದ 48 ಅದರೊಳಗೆ ಆರಾಮಾಗಿ ಕೂರುತ್ತದೆ. ಇಂಚಿಗೆ 200 ಡಾಟ್ ಬೇಕೆಂದರೆ ಫೈಲಿನ ಅಗಲ ಸುಮಾರು 5,000 ಪಿಕ್ಸೆಲ್ ಇರಬೇಕು, 300 ಬೇಕೆಂದರೆ 7,500. ವಾಟ್ಸಾಪಿನಲ್ಲಿ ಬಂದದ್ದನ್ನು ಅಂಗಡಿಗೆ ಒಯ್ಯಬೇಡಿ.

ಕಾಗದ ಮ್ಯಾಟ್ ಇರಲಿ. ಗ್ಲಾಸಿಯಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿದರೆ ಮಂಜಿನ ಭಾಗ ಕಾಣುವುದೇ ಇಲ್ಲ. ಕ್ಯಾನ್ವಾಸ್ ಪ್ರಿಂಟು ಎಂದು ಮಾರುವವರು ನಾಲ್ಕೂ ಬದಿಯ ಚಿತ್ರವನ್ನು ಚೌಕಟ್ಟಿನ ಹಿಂದಕ್ಕೆ ಮಡಚುತ್ತಾರೆ. ಮರದ ದಪ್ಪ ಒಂದೂವರೆ ಇಂಚಾದರೆ ಪ್ರತಿ ಬದಿಯಲ್ಲಿ ಅಷ್ಟು ಚಿತ್ರ ನಷ್ಟ, ಸಹಿ ಸೀದಾ ಬದಿಗೆ ಹೋಗಿ ಕೂರುತ್ತದೆ. ಹಾಗೆ ಬೇಕೇಬೇಕೆಂದರೆ ಮಡಚುವ ಭಾಗಕ್ಕೆ ಬಿಳಿ ಅಥವಾ ಬೂದು ಅಂಚು ಸೇರಿಸಿಕೊಡಲು ಹೇಳಿ. ಮೇಲಿಂದ ಪಾರದರ್ಶಕ ಜೆಲ್ ಬಳಿದು ‘ಕೈಯಿಂದ ಮೆರುಗು’ ಎನ್ನುವ ಸೇವೆಗೆ ಹೆಚ್ಚು ದುಡ್ಡು ಕೊಡುವುದು ದಂಡ. ಆ ಗೆರೆಗಳಿಗೂ ಮೋನೆಯ ಕುಂಚಕ್ಕೂ ಸಂಬಂಧವೇ ಇರುವುದಿಲ್ಲ, ಮೂಲದಲ್ಲಿ ತೆಳುವಾಗಿರಬೇಕಾದ ಮಂಜಿನ ಮೇಲೆ ಉಬ್ಬು ಬರುತ್ತದೆ.

ತೂಗುಹಾಕುವ ಗೋಡೆಗೆ ಬೀಳುವ ದೀಪವನ್ನೂ ನೋಡಿ. ಹಳದಿ ಛಾಯೆಯ 2,700 ಕೆಲ್ವಿನ್ ಬಲ್ಬಿನಡಿ ನೀಲಿ-ಬೂದು ಕಂದಾಗಿ, ಕಿತ್ತಳೆ ಮುಂದಕ್ಕೆ ಜಿಗಿದು, ಸೂರ್ಯ ಮತ್ತೆ ಬಲ್ಬಿನ ಹಾಗೆ ಉರಿಯುತ್ತದೆ. 4,000 ಕೆಲ್ವಿನ್ ಆಸುಪಾಸಿನ, ಬಣ್ಣ ನಿಜವಾಗಿ ತೋರಿಸುವ ಸಿಆರ್‌ಐ 90ಕ್ಕೆ ಮೇಲ್ಪಟ್ಟ ಎಲ್‌ಇಡಿ ಸರಿಹೊಂದುತ್ತದೆ. ಈ ಅಂಕಿ ಬಲ್ಬಿನ ಡಬ್ಬದ ಮೇಲೆಯೇ ಇರುತ್ತದೆ, ಇಲ್ಲದಿದ್ದರೆ ಆ ಬಲ್ಬು ಬೇಡ.